ಅಡಿಗೆಯ ಮನೆ: ಬೇಸಗೆಯ ಕಡೆಯ ಊಟ, ಅದಕ್ಕೊಪ್ಪುವ ಪಾನ

ಇಂಥ ಪದಾರ್ಥಕ್ಕೆ ಇಂಥ ದ್ರಾಕ್ಷಾರಸವೇ ಒಪ್ಪುವುದೆಂದು ಆರಿಸಿಕೊಂಡು ಉಣ್ಣುವ ಪದ್ಧತಿಯು ಯೂರೋಪಿನ ಗೃಹಸ್ಥರಲ್ಲಿ ಬಹುಕಾಲದಿಂದ ನಡೆದು ಬಂದಿದೆ. ನಮ್ಮ ವಾಚಕರಲ್ಲಿ ಹಲವರ ಮನೆಗಳಿಗೆ ಆ ಪಾನವು ಸಲ್ಲದು. ಆದರೂ ಜಿಡ್ಡಿಗೆ ಹುಳಿ, ಖಾರಕ್ಕೆ ತುಸು ಸಿಹಿ ಎಂಬ ಅವರ ವಿವೇಚನೆಯು ನಮ್ಮ ಮಜ್ಜಿಗೆ, ಪಾನಕ, ಅಂಬಲಿಗಳ ವಿಷಯದಲ್ಲಿಯೂ ಸರಿಯಾದುದೇ. ನಾವಾದರೋ ಅಡಿಗೆಗೆ ಪಡುವ ಶ್ರಮದಲ್ಲಿ ಕಾಲುಭಾಗವನ್ನಾದರೂ ಲೋಟದೊಳಗಣ ವಸ್ತುವಿಗೆ ಪಡುವುದಿಲ್ಲ.

ಈ ತಿಂಗಳು ಚಿತ್ರದುರ್ಗದ ಸೀಮೆಯ ಅಡಿಗೆಯನ್ನೇ ತೆಗೆದುಕೊಳ್ಳೋಣ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರದ ನಾಲೆಯ ಆಸರೆಯುಳ್ಳ ಹಿರಿಯೂರಿನ ಬಯಲನ್ನೂ, ಹೊಸದುರ್ಗದ ತೆಂಗಿನ ತೋಟಗಳನ್ನೂ, ಹೊಳಲ್ಕೆರೆಯ ಅಡಿಕೆಯ ತೋಟಗಳನ್ನೂ ಬಿಟ್ಟರೆ ಜ್ಯೇಷ್ಠಮಾಸದ ಹೊತ್ತಿಗೆ ಅಲ್ಲಿ ಹಸುರು ಕಾಣುವುದು ಅಪೂರ್ವ. ಸಂತೆಯಲ್ಲಿ ಸಿಕ್ಕುವುದು ಬದನೆ, ನುಗ್ಗೆ, ಸೌತೆ, ಮಾವು. ಮನೆಯಲ್ಲಿರುವುದು ಶೇಂಗಾ, ಹೊಸ ಹುಣಸೆ, ರಾಗಿ, ಜೋಳ.

ಮಾವನ್ನು ಮೊದಲು ಮುಗಿಸತಕ್ಕದ್ದು. ಮಳೆ ಹಿಡಿಯಿತೆಂದರೆ ನೊಣದ ಕಾಟ ಹೆಚ್ಚಿ ಹಣ್ಣಿನೊಳಗೆ ಹುಳು ಕಾಣಿಸಿಕೊಳ್ಳುವುದು. ಒಂದು ಪಾವು ಅಕ್ಕಿಯ ಉದುರಾದ ಅನ್ನಕ್ಕೆ ಹುಳಿಯುಳ್ಳ ನಡುಗಾತ್ರದ ಒಂದು ಕಾಯಿ ಸಾಕು. ಅದರ ತುರಿಯಲ್ಲಿ ಅರ್ಧವನ್ನು ತೆಂಗಿನ ತುರಿ, ಸಾಸಿವೆ, ಒಣಮೆಣಸಿನಕಾಯಿಗಳೊಡನೆ ರುಬ್ಬಿ, ಉಳಿದರ್ಧವನ್ನು ಶೇಂಗಾ ಹುರಿದ ಒಗ್ಗರಣೆಯಲ್ಲಿ ಬಾಡಿಸಿ, ಎರಡನ್ನೂ ಅನ್ನಕ್ಕೆ ಕಲಸಬೇಕು. ಈ ಚಿತ್ರಾನ್ನದ ಮೇಲೆ ಮಜ್ಜಿಗೆ ಕುಡಿಯುವುದು ನಮಗೆ ಒಗ್ಗದು. ಹುಳಿಯ ಮೇಲೆ ಹುಳಿ ಬಿದ್ದು ಎರಡರ ರುಚಿಯೂ ಕೆಡುತ್ತದೆ. ಏಲಕ್ಕಿ ಹಾಕಿದ ತೆಳುವಾದ ಬೆಲ್ಲದ ಪಾನಕವೇ ಅದಕ್ಕೆ ಜೊತೆ.

ಮಜ್ಜಿಗೆಗೆ ತಕ್ಕ ಸ್ಥಾನವು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಗಳ ಊಟದಲ್ಲಿ. ಶೇಂಗಾದ ಜಿಡ್ಡು ನಾಲಿಗೆಗೆ ಹತ್ತಿಕೊಂಡಾಗ ಶುಂಠಿ, ಕರಿಬೇವು ಜಜ್ಜಿ ಹಾಕಿದ ನೀರುಮಜ್ಜಿಗೆಯು ಅದನ್ನು ತೊಳೆದುಬಿಡುತ್ತದೆ. ತೊಂದರೆಯೇನೆಂದರೆ, ಮೇವು ಒಣಗಿದ ಈ ಕಾಲದಲ್ಲಿ ಹಾಲು ಇಳಿಯುತ್ತದೆ. ಇದ್ದ ಮಜ್ಜಿಗೆಗೆ ನೀರು ಬೆರೆಸುತ್ತ ಹೋಗಿ, ಗಂಡಸರೂ ಮಕ್ಕಳೂ ಉಂಡೆದ್ದ ಮೇಲೆ, ಒಲೆಯ ಮುಂದೆ ಬೆವರಿದವಳ ಪಾಲಿಗೆ ಬರಿಯ ಉಪ್ಪುನೀರು ಉಳಿಯುವುದು. ಇದನ್ನು ನಾವು ಗೃಹಕೃತ್ಯದ ಜಾಣತನವೆಂದು ಒಪ್ಪಲಾರೆವು. ಅಂಗಡಿಯ ಸೀಸೆಯ ಸಿಹಿನೀರನ್ನು ತಂದಿಡುವುದೂ ಪರಿಹಾರವಲ್ಲ.

ಅಂಬಲಿಯಿರುವಾಗ ಈ ಕೊರತೆಯೇಕೆ? ರಾತ್ರಿ ನಾಲ್ಕು ತುಂಬು ಚಮಚ ರಾಗಿಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನಾಲ್ಕು ಲೋಟ ನೀರಿಗೆ ಹೊಯ್ದು, ಹಸಿವಾಸನೆ ಹೋಗುವವರೆಗೆ ಕೈಯಾಡಿಸುತ್ತ ಬೇಯಿಸಿರಿ. ಚೆನ್ನಾಗಿ ಆರಿದ ಮೇಲೆ ಒಂದು ಸೌಟು ಮಜ್ಜಿಗೆ ಸೇರಿಸಿ ಮಣ್ಣಿನ ಗಡಿಗೆಯಲ್ಲಿ ಮುಚ್ಚಿಡಿರಿ. ಬೆಳಗಾಗುವಷ್ಟರಲ್ಲಿ ಹದವಾದ ಹುಳಿ ಬಂದಿರುತ್ತದೆ. ದ್ರಾಕ್ಷಾರಸದಲ್ಲಿ ಹುದುಗು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಇಲ್ಲಿ ಕೆಲಸ ಮಾಡುವವು ಹಾಲನ್ನು ಮೊಸರಾಗಿಸುವ ಜಾತಿಯ ಜೀವಾಣುಗಳು, ಅವು ಕೊಡುವುದು ಹುಳಿಯನ್ನು. ಹೀಗೆ ಒಂದು ಸೌಟು ಮಜ್ಜಿಗೆಯು ಐದು ಲೋಟದ ಕೆಲಸ ಮಾಡುವುದು. ಉಪ್ಪು, ಹೆಚ್ಚಿದ ಈರುಳ್ಳಿ ಸೇರಿಸಿ ಎಣ್ಣೆಗಾಯಿಯ ಊಟಕ್ಕೆ ಕೊಡಬಹುದು. ಸೆಖೆಯ ದಿನಗಳಲ್ಲಿ ಮಧ್ಯಾಹ್ನವನ್ನು ದಾಟಿಸಬಾರದು, ಹುಳಿ ಮೀರುತ್ತದೆ. ಮೊದಲ ಲೋಟವು ಅಡಿಗೆ ಮಾಡುವವಳಿಗೆ, ಅದೂ ಒಲೆ ಹೊತ್ತಿಸುವ ಮುಂಚೆ.

ಸೀಕರಣೆ, ಹೋಳಿಗೆಗಳ ದಿನ ಯಾವ ಪಾನವೂ ಬೇಡ; ಮಡಕೆಯ ತಣ್ಣೀರು ಸಾಕು. ಎಳನೀರನ್ನು ಊಟಕ್ಕೆ ಬಹಳ ಮುಂಚೆಯೇ ಕುಡಿಯುವುದು ಲೇಸು. ಖಾರದ ಜೊತೆಯಲ್ಲಿ ಅದರ ನವುರಾದ ಸಿಹಿ ತಿಳಿಯದೆ ಹೋಗುತ್ತದೆ. ಮೊದಲ ಮಳೆ ಬಿದ್ದು ತಂಪಾದ ಮೇಲೆ ಅಂಬಲಿಯ ಗಡಿಗೆಯನ್ನು ಒಲೆಯ ಮಗ್ಗುಲಿಗೆ ಸರಿಸಿಡಿರಿ. ಇಲ್ಲವಾದರೆ ಒಂದೇ ರಾತ್ರಿಯಲ್ಲಿ ಅದು ಹುಳಿಯಾಗದು.