ಉದ್ಯಾನದಲ್ಲಿ ಗುಡಿಸದ ಮೂಲೆಯೊಂದಿರಲಿ

ಮುಂಜಾನೆ ಬೆಂಗಳೂರಿನ ಕಬ್ಬನ್ ಉದ್ಯಾನವನ್ನು ಹೊಕ್ಕವರಿಗೆ ಎರಡು ಬಗೆಯ ಸದ್ದುಗಳು ಕೇಳಿಬರುತ್ತವೆ. ಒಂದು, ಮರದ ತುದಿಯಿಂದ ಬರುವ ಹಕ್ಕಿಗಳ ಕೂಗು. ಇನ್ನೊಂದು, ನೆಲದ ಮೇಲೆ ಪೊರಕೆಯಾಡುವ ಸದ್ದು. ಇವೆರಡಕ್ಕೂ ಸಂಬಂಧವುಂಟೆಂದೂ, ಎರಡನೆಯದು ಮಿತಿಮೀರಿದರೆ ಮೊದಲನೆಯದು ಕುಂದುವುದೆಂದೂ ನಾವು ಸಾಮಾನ್ಯವಾಗಿ ಆಲೋಚಿಸುವುದಿಲ್ಲ. ಆ ಸಂಬಂಧವನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಉದ್ಯಾನ ತಾನಾಗಿ ಬೆಳೆದ ಕಾಡಲ್ಲ. ಮನುಷ್ಯನು ಯೋಚಿಸಿ ನಿರ್ಮಿಸಿದ್ದು. 1870ರಲ್ಲಿ, ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ ಸುಮಾರು 100 ಎಕರೆಯಲ್ಲಿ ಇದು ಆರಂಭವಾಯಿತು. ಮುಂದೆ ವಿಸ್ತಾರಗೊಂಡು ಸುಮಾರು 300 ಎಕರೆಯಾಯಿತು. ಮೊದಲು ಮೀಡ್ ಪಾರ್ಕ್ ಎಂದೂ ಆಮೇಲೆ ಕಬ್ಬನ್ ಪಾರ್ಕ್ ಎಂದೂ ಹೆಸರಾಗಿದ್ದ ಇದಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ಜನರ ನಾಲಗೆಯ ಮೇಲೆ ಮಾತ್ರ ಹಳೆಯ ಹೆಸರೇ ನಿಂತಿದೆ. ದಕ್ಷಿಣ ಅಮೆರಿಕದ ಮಳೆಮರ, ಆಸ್ಟ್ರೇಲಿಯದ ಸಿಲ್ವರ್ ಓಕ್, ಮಡಗಾಸ್ಕರಿನ ಗುಲ್‌ಮೊಹರ್ ಇವು ನಮ್ಮ ನೆಲದ ಹೊಂಗೆ, ಆಲ, ಅತ್ತಿ, ನೇರಳೆಗಳೊಡನೆ ಇಲ್ಲಿ ನೆಂಟರಂತೆ ಬೆರೆತಿವೆ.

ಜನರೂ ಇದನ್ನು ತಮ್ಮದೆಂದೇ ಭಾವಿಸಿದ್ದಾರೆ. ನಡಿಗೆಗೆ ಬರುವ ವೃದ್ಧರು, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯಕ್ಕೆ ಬರುವ ವಿದ್ಯಾರ್ಥಿಗಳು, ಬುತ್ತಿ ಬಿಚ್ಚಿ ಕೂರುವ ಸಂಸಾರಗಳು, ಈಚಿನ ವರ್ಷಗಳಲ್ಲಿ ನೆರಳಿನ ಹುಲ್ಲಿನ ಮೇಲೆ ಒಟ್ಟಾಗಿ ಕುಳಿತು ಮೌನವಾಗಿ ಪುಸ್ತಕ ಓದುವ ತರುಣರು, ಎಲ್ಲರಿಗೂ ಇಲ್ಲಿ ಎಡೆಯುಂಟು. ಸರ್ಕಾರಿ ಉದ್ಯಾನಗಳನ್ನು ಕಾಪಾಡಲೆಂದು 1975ರಲ್ಲಿ ಕಾನೂನು ಬಂದಿತು. 1998ರಲ್ಲಿ ಈ ಉದ್ಯಾನದ ಒಂದು ಭಾಗವನ್ನು ಅದರ ಮೇರೆಯಿಂದ ಹೊರಗಿಡಲು ಸರ್ಕಾರ ಮುಂದಾದಾಗ ನಾಗರಿಕರು ಪ್ರತಿಭಟಿಸಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಹೀಗೆ ಎಕರೆಗಳ ಲೆಕ್ಕವನ್ನು ಕಾಯಲು ಕಾನೂನೂ ಉಂಟು, ಜನರೂ ಉಂಟು. ಆದರೆ ಎಕರೆಗಳು ಉಳಿದ ಮಾತ್ರಕ್ಕೆ ಅವುಗಳೊಳಗಿನ ಜೀವ ಉಳಿಯುವುದೆಂಬ ಭರವಸೆಯಿಲ್ಲ. ಮೇರೆಯೊಳಗೇ, ಯಾರೂ ಪ್ರತಿಭಟಿಸದ ರೀತಿಯಲ್ಲಿ, ಅದು ನಶಿಸಬಹುದು.

ಅದು ಹೇಗೆಂಬುದನ್ನು ಒಂದು ಹಕ್ಕಿಯ ಬಾಳಿನಿಂದ ತಿಳಿಯೋಣ. ಮಡಿವಾಳ ಹಕ್ಕಿಯನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರುತ್ತಾರೆ. ಕಪ್ಪು ಬಿಳುಪಿನ ಮೈ, ಮೇಲಕ್ಕೆ ನಿಗುರಿಸಿದ ಬಾಲ, ಅತಿ ಮಧುರವಾದ ಕಂಠ. ಇದು ಗೂಡು ಕಟ್ಟುವುದು ಹೆಚ್ಚಾಗಿ ಮರದ ಪೊಟರೆಯಲ್ಲಿ. ಆದರೆ ಪೊಟರೆಯನ್ನು ಕೊರೆಯುವ ಶಕ್ತಿ ಇದರ ಕೊಕ್ಕಿಗಿಲ್ಲ. ಕುಟುರ್ ಕುಟುರ್ ಎಂದು ದಿನವೆಲ್ಲ ಕೂಗುವ ಕುಟ್ರ ಹಕ್ಕಿಗಳೂ ಮರಕುಟಿಗಗಳೂ ಒಣಗಿ ಮೆತ್ತಗಾದ ಕೊಂಬೆಗಳಲ್ಲಿ ರಂಧ್ರ ಕೊರೆದು ಮರಿಮಾಡಿ ಬಿಟ್ಟುಹೋದ ಮೇಲೆ, ಆ ತೆರವಾದ ಮನೆಗಳಿಗೆ ಇತರ ಹಕ್ಕಿಗಳು ಬಿಡಾರ ಬರುತ್ತವೆ. ಗಿಳಿ, ಗೊರವಂಕ, ಹಾಲಕ್ಕಿ ಎಂಬ ಚಿಕ್ಕ ಗೂಬೆ ಇವೆಲ್ಲಕ್ಕೂ ಪೊಟರೆಯೇ ಆಶ್ರಯ. ಆದುದರಿಂದ ನಾವು ಸತ್ತುದೆಂದು ಕಡಿದುಹಾಕುವ ಒಂದು ಕೊಂಬೆ ಹಲವು ಸಂಸಾರಗಳ ವಠಾರವಾಗಿರಬಹುದು.

ಮಡಿವಾಳನಿಗೆ ಮನೆಯೊಂದಿದ್ದರೆ ಸಾಲದು, ಆಹಾರವೂ ಬೇಕಷ್ಟೆ. ಅದು ಬಹುಮಟ್ಟಿಗೆ ನೆಲದ ಮೇಲೆ ಹುಳುಹುಪ್ಪಟೆಗಳನ್ನು ಹುಡುಕಿ ತಿನ್ನುತ್ತದೆ. ಆ ಹುಳುಗಳು ಇರುವುದು ತರಗೆಲೆಯ ಅಡಿಯ ತೇವದಲ್ಲಿ. ಹರಟೆಮಲ್ಲ ಹಕ್ಕಿಗಳು ಗುಂಪುಗೂಡಿ ಗದ್ದಲವೆಬ್ಬಿಸುತ್ತ ಎಲೆಗಳನ್ನು ಮಗುಚಿ ಹಾಕುವುದೂ ಇವುಗಳಿಗಾಗಿಯೇ. ಬಿದ್ದ ಎಲೆಯನ್ನು ಸಹಸ್ರಪದಿ, ಎರೆಹುಳು, ಗೆದ್ದಲುಗಳು ನುರಿಸುತ್ತವೆ. ಅಣಬೆಯ ಜಾತಿಯ ಶಿಲೀಂಧ್ರಗಳೂ ಬ್ಯಾಕ್ಟೀರಿಯಗಳೂ ಅದನ್ನು ಕೊಳೆಯಿಸುತ್ತವೆ. ಅದರಲ್ಲಿದ್ದ ಸಾರ ಮಣ್ಣಿಗಿಳಿದು ಮತ್ತೆ ಅದೇ ಮರದ ಬೇರಿಗೆ ಸೇರುತ್ತದೆ. ತರಗೆಲೆಯ ಹೊದಿಕೆ ಬೇಸಿಗೆಯಲ್ಲಿ ನೆಲದ ತೇವ ಆರದಂತೆ ಕಾಯುತ್ತದೆ. ಮಳೆಯ ಹನಿ ಮಣ್ಣನ್ನು ಕೊಚ್ಚದಂತೆ ತಡೆಯುತ್ತದೆ. ಎಲೆಗಳನ್ನು ಗುಡಿಸಿ ಬೆಂಕಿಯಿಟ್ಟರೆ ಈ ವ್ಯವಹಾರವೆಲ್ಲ ಅಲ್ಲಿಗೇ ನಿಂತಿತು. ಎಲೆಯಲ್ಲಿದ್ದ ಸಾರಜನಕದ ಬಹುಭಾಗ ಹೊಗೆಯೊಡನೆ ಹಾರಿಹೋಗುತ್ತದೆ, ನಡಿಗೆಗೆ ಬಂದವರು ಆ ಹೊಗೆಯನ್ನೇ ಉಸಿರಾಡಬೇಕಾಗುತ್ತದೆ. ಬಳಿಕ ಅದೇ ಮರಕ್ಕೆ ಹಣ ತೆತ್ತು ಗೊಬ್ಬರ ತಂದು ಹಾಕುವ ನಮ್ಮ ಜಾಣತನಕ್ಕೆ ಏನೆನ್ನೋಣ?

ಚೊಕ್ಕಟವಾಗಿರುವುದೇ ಸೌಂದರ್ಯವೆಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಮನೆಯಂಗಳಕ್ಕೆ ಅದು ಸರಿ. ಅಂಗಳವನ್ನು ಸಾರಿಸಿ ರಂಗವಲ್ಲಿ ಇಡುವ ಜನ ನಾವು. ಉದ್ಯಾನದ ನಡೆದಾಡುವ ಹಾದಿಗೂ ಹೂವಿನ ಮಡಿಗಳಿಗೂ ಅದು ಒಪ್ಪತಕ್ಕದ್ದೇ. ಪ್ಲಾಸ್ಟಿಕ್ಕು, ಕಾಗದ, ಬಾಟಲಿಗಳನ್ನು ಎಲ್ಲಿದ್ದರೂ ಹೆಕ್ಕಿ ತೆಗೆಯಲೇಬೇಕು. ಆದರೆ ಎಲೆ ಕಸವಲ್ಲ. ಈ ಎರಡನ್ನೂ ಒಂದೇ ಪೊರಕೆಯಿಂದ ಗುಡಿಸುವುದರಲ್ಲಿಯೇ ತಪ್ಪಿದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಅರಿಯದೆ ಇಲ್ಲ. ಒಣಕೊಂಬೆ ಮುರಿದು ಜನರ ಮೇಲೆ ಬಿದ್ದರೆ ಗತಿಯೇನು? ಇದು ಅಲಕ್ಷಿಸತಕ್ಕ ಮಾತಲ್ಲ. ಹಾದಿಯ ಮೇಲೂ ಕಲ್ಲುಬೆಂಚಿನ ಮೇಲೂ ಬಾಗಿದ ಒಣಕೊಂಬೆಯನ್ನು ತೆಗೆಯಲೇಬೇಕು. ಪ್ರಾಣಕ್ಕಿಂತ ಪೊಟರೆ ದೊಡ್ಡದಲ್ಲ. ಆದರೆ ಜನಸಂಚಾರವಿಲ್ಲದ ಎಡೆಯಲ್ಲಿ ಭಾರದ ಕೊಂಬೆಗಳನ್ನು ಮಾತ್ರ ಇಳಿಸಿ ಕಾಂಡವನ್ನು ನಿಲ್ಲಿಸಿಕೊಳ್ಳಬಹುದು. ತರಗೆಲೆಯಲ್ಲಿ ಸೊಳ್ಳೆ ಹೆಚ್ಚುವುದೆನ್ನುವವರುಂಟು. ಸೊಳ್ಳೆಗೆ ಬೇಕಾದದ್ದು ನಿಂತ ನೀರು, ಒಣಗಿದ ಎಲೆಯಲ್ಲ. ನಿಜವಾಗಿ ಹುಡುಕಬೇಕಾದದ್ದು ಎಸೆದ ಲೋಟಗಳನ್ನೂ ಕಟ್ಟಿಕೊಂಡ ಚರಂಡಿಗಳನ್ನೂ. ಹಾವಿನ ಭಯಕ್ಕೆ, ಹಾದಿಯನ್ನು ಗುಡಿಸಿಟ್ಟು ಹಾದಿಯಲ್ಲೇ ನಡೆಯುವುದು ತಕ್ಕ ಪರಿಹಾರ. ಬೇಸಿಗೆಯಲ್ಲಿ ಬೆಂಕಿ ಹತ್ತದಂತೆ ಕಾವಲು ಬೇಕೆಂಬುದೂ ನಿಜವೇ.

ಆದುದರಿಂದ ನಮ್ಮ ಸೂಚನೆ ಸರಳವಾದುದು. ಪ್ರತಿಯೊಂದು ಊರಿನ ಉದ್ಯಾನದಲ್ಲಿಯೂ ಹತ್ತನೆಯ ಒಂದು ಪಾಲನ್ನಾದರೂ ಗುಡಿಸದೆ, ಕೆದಕದೆ ಬಿಡಬೇಕು. ಇದು ಅಲಕ್ಷ್ಯವಲ್ಲ, ಉದ್ದೇಶಪೂರ್ವಕವಾದುದೆಂದು ತಿಳಿಸುವ ಹಲಗೆಯೊಂದನ್ನು ಅಲ್ಲಿ ಕನ್ನಡದಲ್ಲಿ ನೆಡಬೇಕು. ಉಳಿದೆಡೆ ಗುಡಿಸಿದ ಎಲೆಯನ್ನು ಸುಡದೆ ಗುಂಡಿಯಲ್ಲಿ ಕೊಳೆಯಿಸಿ ಅಲ್ಲಿಯ ಗಿಡಮರಗಳಿಗೇ ಹಾಕಬೇಕು. ಹಳೆಯ ಮರಕ್ಕೆ ಕೊಡಲಿ ಹಾಕುವ ಮುನ್ನ ಪೊಟರೆಗಳಲ್ಲಿ ಯಾರು ವಾಸವಾಗಿದ್ದಾರೆಂದು ಬಲ್ಲವರಿಂದ ನೋಡಿಸಬೇಕು. ಇದಕ್ಕೆ ಹೆಚ್ಚಿನ ಹಣ ಬೇಡ. ಅಧಿಕಾರಿಗಳಿಗೆ ಸ್ವಲ್ಪ ತಾಳ್ಮೆಯೂ, ಎಲೆ ಕಂಡೊಡನೆ ದೂರು ಬರೆಯುವ ನಮ್ಮಂಥ ನಾಗರಿಕರಿಗೆ ಸ್ವಲ್ಪ ತಿಳಿವಳಿಕೆಯೂ ಬೇಕು. ಶಾಲೆಯ ಮಕ್ಕಳನ್ನು ಆ ಮೂಲೆಗೆ ಕರೆದೊಯ್ದು ಒಂದು ಹಿಡಿ ತರಗೆಲೆಯನ್ನು ಬಿಳಿಯ ಬಟ್ಟೆಯ ಮೇಲೆ ಹರವಿ ತೋರಿಸಿದರೆ, ಪಠ್ಯಪುಸ್ತಕದ ಹಲವು ಪುಟಗಳು ಅಲ್ಲಿ ಹರಿದಾಡುವುದನ್ನು ಅವರು ಕಣ್ಣಾರೆ ಕಾಣುವರು.

ಉದ್ಯಾನದ ಮೇರೆಯನ್ನು ಹಿಂದಿನವರು ನಮಗಾಗಿ ಉಳಿಸಿಕೊಟ್ಟರು. ಅದರೊಳಗೆ ಮಡಿವಾಳನ ಹಾಡನ್ನು ಮುಂದಿನವರಿಗಾಗಿ ಉಳಿಸುವ ಹೊಣೆ ನಮ್ಮದು.