ಯಾರದೋ ಮುಖ, ಯಲ್ಲಮ್ಮನ ಜಾತ್ರೆ

ಬಸ್ಸಿನ ಬೆನ್ನ ಮೇಲೆ, ಅಂಗಡಿಯ ನೆತ್ತಿಯ ಮೇಲೆ, ಸರ್ಕಾರಿ ಫ್ಲೆಕ್ಸುಗಳಲ್ಲಿ ನಗುವ ಮುಖಗಳಿಗೆ ಲೆಕ್ಕವಿಲ್ಲ. ಅವರಲ್ಲಿ ಎಷ್ಟು ಜನರನ್ನು ಕೇಳಿ ಅಚ್ಚು ಹಾಕಿಸಿದ್ದಾರೆ? 2025ರ ಮಾರ್ಚಿನಲ್ಲಿ ಈ ಪ್ರಶ್ನೆ ಬೊಂಬಾಯಿ ಹೈಕೋರ್ಟಿನ ಮೆಟ್ಟಿಲೇರಿತು.

ಏರಿಸಿದವರು ಚಿತ್ರತಾರೆಯಲ್ಲ, ಒಬ್ಬ ಸಾಮಾನ್ಯ ಮಹಿಳೆ. ಆಕೆಯ ದೂರು ಇಷ್ಟು: ಪರಿಚಯದ ಫೋಟೋಗ್ರಾಫರ್ ಒಬ್ಬ ಆಕೆಯ ಫೋಟೋ ತೆಗೆದ. ಒಂದು ಮಾತೂ ಕೇಳದೆ ಅದನ್ನು ಷಟರ್‌ಸ್ಟಾಕ್ ಎಂಬ ಚಿತ್ರ ಮಾರುವ ಅಂತರಜಾಲ ಮಳಿಗೆಗೆ ಏರಿಸಿದ. ಅಲ್ಲಿಂದ ಆ ಮುಖ ದೇಶ ಸುತ್ತಿತು. ಮಹಾರಾಷ್ಟ್ರ, ತೆಲಂಗಾಣ, ಒಡಿಶಾ, ಜೊತೆಗೆ ನಮ್ಮ ಕರ್ನಾಟಕ, ಹೀಗೆ ನಾಲ್ಕು ಸರ್ಕಾರಗಳ ಪ್ರಚಾರಕ್ಕೆ ಬಳಕೆಯಾಯಿತು. ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೂ ಬಿಡಲಿಲ್ಲ. ಆಕೆಗೆ ಮಾತ್ರ ಸುದ್ದಿಯೇ ಇಲ್ಲ! ಮೇಲ್ನೋಟಕ್ಕೆ ಇದು ಹೆಣ್ಣುಮಗಳೊಬ್ಬಳ ಚಿತ್ರದ ವ್ಯಾಪಾರೀ ದುರ್ಬಳಕೆಯೇ ಎಂದ ನ್ಯಾಯಪೀಠ, ಎದುರುಪಕ್ಷಗಳಿಗೆ ಉತ್ತರ ಕೊಡಿ ಎಂದಿತು.

ಹಾಗಾದರೆ ಕಾನೂನು ಇರಲಿಲ್ಲವೇ? ಇತ್ತು. 1994ರಲ್ಲೇ ಸುಪ್ರೀಂ ಕೋರ್ಟ್ ಈ ಮಾತು ಆಡಿ ಆಗಿದೆ. ತಮಿಳಿನ ನಕ್ಕೀರನ್ ಪತ್ರಿಕೆ ಮರಣದಂಡನೆಗೊಳಗಾದ ಆಟೋ ಶಂಕರನ ಆತ್ಮಕಥೆ ಪ್ರಕಟಿಸಲು ಹೊರಟಾಗ ಎದ್ದ ವ್ಯಾಜ್ಯ ಅದು. ಒಪ್ಪಿಗೆ ಇಲ್ಲದೆ ಒಬ್ಬರ ಹೆಸರನ್ನೋ ರೂಪವನ್ನೋ ಜಾಹೀರಾತಿಗೆ ಬಳಸಿದರೆ ಖಾಸಗಿತನಕ್ಕೆ ಭಂಗ ಎಂದು ಆ ತೀರ್ಪು ಉದಾಹರಣೆ ಸಮೇತ ಹೇಳಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೇ ಸರಿ ಎಂದಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಅಂಗಡಿಯವರು ಕಿವಿಗೊಡಬೇಕಾದ ಕೇಸು ಇನ್ನೊಂದಿದೆ. ತನಿಷ್ಕ್ ಆಭರಣಗಳ ಜಾಹೀರಾತಿಗೆ ಅಮಿತಾಭ್ ಬಚ್ಚನ್, ಜಯಾ ಬಚ್ಚನ್ ಒಪ್ಪಂದ ಮಾಡಿಕೊಂಡಿದ್ದರು. ಉತ್ತರ ಪ್ರದೇಶದ ಮುಜಫ್ಫರ್‌ನಗರದ ಆಭರಣದಂಗಡಿಯೊಂದು ಅದೇ ಚಿತ್ರ ಎತ್ತಿಕೊಂಡು ತನ್ನ ಹೋರ್ಡಿಂಗ್ ನಿಲ್ಲಿಸಿತು. ಜಿಲ್ಲಾ ಪಟ್ಟಣದ ಬೋರ್ಡು ದೆಹಲಿಗೆ ಎಲ್ಲಿ ಕಾಣಬೇಕು ಅಂದುಕೊಂಡರೋ ಏನೋ! ಕಂಡಿತು. 2012ರಲ್ಲಿ ದೆಹಲಿ ಹೈಕೋರ್ಟ್ ಶಾಶ್ವತ ತಡೆ ಹಾಕಿತು. ತನ್ನ ಖ್ಯಾತಿ ಎಲ್ಲಿ, ಯಾವಾಗ, ಹೇಗೆ ಬಳಕೆಯಾಗಬೇಕು ಅನ್ನುವುದು ಖ್ಯಾತರ ಕೈಯಲ್ಲೇ ಇರಬೇಕು ಎಂಬುದು ತೀರ್ಪಿನ ಸಾರ.

ಇಲ್ಲೇ ಇದೆ ವ್ಯತ್ಯಾಸ. 2022ರಲ್ಲಿ ಅಮಿತಾಭ್, 2023ರಲ್ಲಿ ಅನಿಲ್ ಕಪೂರ್ ದೆಹಲಿ ಹೈಕೋರ್ಟಿಗೆ ಹೋಗಿ ತಮ್ಮ ಹೆಸರು, ದನಿ, ರೂಪಕ್ಕೆ ಬೇಲಿ ಹಾಕಿಸಿಕೊಂಡರು. ನಕ್ಷತ್ರದ ಮುಖಕ್ಕೆ ಮಾರುಕಟ್ಟೆ ಬೆಲೆ ಇದೆ, ವಾದಿಸಲು ದೊಡ್ಡ ವಕೀಲರಿದ್ದಾರೆ. ಸಂತೆಗೆ ಬಂದ ಹೆಂಗಸಿಗೆ, ಟೈಲರ್ ಅಂಗಡಿಯ ಹುಡುಗನಿಗೆ ಏನಿದೆ? 1994ರ ತೀರ್ಪು ಖ್ಯಾತರು, ಅಖ್ಯಾತರು ಎಂದು ಗೆರೆ ಎಳೆದಿಲ್ಲ ನಿಜ. ಆದರೆ ತನ್ನ ಮುಖ ಎಲ್ಲೆಲ್ಲಿ ತೂಗುತ್ತಿದೆ ಅನ್ನುವುದೇ ಬಡವರಿಗೆ ತಿಳಿಯುವುದಿಲ್ಲ. ತಿಳಿದರೂ ಕೋರ್ಟು ಕಚೇರಿ ಅಲೆಯಲು ದುಡ್ಡೂ ಬೇಕು, ದಿನಗೂಲಿಯೂ ಹೋಗುತ್ತದೆ.

ಸ್ಟುಡಿಯೋದವರಿಗೂ ಒಂದು ಮಾತು. ಗಿರಾಕಿ ಕಾಸು ಕೊಟ್ಟು ತೆಗೆಸಿಕೊಂಡ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಗಿರಾಕಿಯದೇ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಹೀಗೆನ್ನುತ್ತದೆ. ಪುಕ್ಕಟೆ ತೆಗೆದಿದ್ದರೆ ಚಿತ್ರದ ಹಕ್ಕು ಫೋಟೋಗ್ರಾಫರನದಿರಬಹುದು, ಆದರೆ ಅದರೊಳಗಿನ ಮುಖ ಅವನದಾಗುವುದಿಲ್ಲ. ಮದುಮಗಳ ಫೋಟೋವನ್ನು ಸೀರೆ ಅಂಗಡಿಯ ಬೋರ್ಡಿಗೆ ಕೊಡುವ ಮುನ್ನ ಇದು ನೆನಪಿರಲಿ.

ಪರಿಹಾರ ದೊಡ್ಡದೇನಲ್ಲ. ಎಲ್ಲಿ ಹಾಕುತ್ತೇವೆ, ಎಷ್ಟು ದಿನ, ಏನು ಕೊಡುತ್ತೇವೆ ಅಂತ ನಾಲ್ಕು ಸಾಲು ಬರೆದು, ಓದಿ ಹೇಳಿ, ಸಹಿ ಪಡೆದರೆ ಆಯಿತು. ವ್ಯಾಪಾರಿಗೆ ಅದು ಹತ್ತು ನಿಮಿಷದ ಕೆಲಸ. ಜಾಹೀರಾತು ಕೊಡುವ ಸರ್ಕಾರಿ ಇಲಾಖೆಗಳೂ ಆ ಹತ್ತು ನಿಮಿಷ ಉಳಿಸಲು ಹೋಗಿಯೇ ಈಗ ಹೈಕೋರ್ಟಿಗೆ ಉತ್ತರ ಬರೆಯಬೇಕಾಗಿ ಬಂದದ್ದು. ಹೆಣ್ಣುಮಕ್ಕಳ ಉದ್ಧಾರದ ಫ್ಲೆಕ್ಸು ಕಟ್ಟುವವರು, ಅದರಲ್ಲಿರುವ ಹೆಣ್ಣುಮಗಳನ್ನು ಮೊದಲು ಕೇಳಲಿ.