ರೋಬೋ ಯಾರಿಗೆ 'ಬಾ' ಅನ್ನಬೇಕು?

ಮನುಷ್ಯ ಮತ್ತು ರೋಬೋಗಳ ಒಡನಾಟ ನನ್ನ ಪಿಎಚ್.ಡಿ. ವಿಷಯ. ಈ ಕ್ಷೇತ್ರದಲ್ಲಿ ಒಂದು ನಂಬಿಕೆ ಬೇರೂರಿದೆ: ಯಂತ್ರದ ನಡೆನುಡಿಯನ್ನೆಲ್ಲ ಇಂಗ್ಲಿಷಿನಲ್ಲಿ ತೀರ್ಮಾನಿಸಿ, ಕೊನೆಗೆ ಕನ್ನಡದ ದನಿ ಕೂರಿಸಿದರೆ ಸಾಕು. ಇದು ಸುಳ್ಳು.

2020ರ ಜನವರಿಯಲ್ಲಿ ಇಸ್ರೋ ಬೆಂಗಳೂರಿನಲ್ಲಿ ತೋರಿಸಿದ ವ್ಯೋಮಮಿತ್ರ ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಿಕೊಂಡಿತು. ಇಂಗ್ಲಿಷಿನಲ್ಲಿ ಅದು ಸಲೀಸು. ಎದುರಿಗೆ ಮಂತ್ರಿ ಇರಲಿ, ಕಸ ಗುಡಿಸುವವರಿರಲಿ, 'ಯೂ' ಒಂದೇ. ಜಮಖಂಡಿ ಸೀಮೆಯ ನಮ್ಮ ತುಬಚಿಯಲ್ಲಿ ಹಾಗಲ್ಲ. ಬಾ, ಬಾರೋ, ಬಾರವ್ವಾ, ಬರ್ರಿ: ಎದುರಿನವರ ವಯಸ್ಸು, ನಂಟು, ಅಂತಸ್ತು ತೂಗದೆ ಕ್ರಿಯಾಪದವೇ ಮುಗಿಯುವುದಿಲ್ಲ. ಆ ತಕ್ಕಡಿಯಲ್ಲಿ ಜಾತಿಯೂ ಇದೆ. ಕೂಲಿಗೆ ಬಂದ ಎಪ್ಪತ್ತರ ಮುದುಕನಿಗೆ ದೊಡ್ಡಮನೆಯ ಹುಡುಗ 'ಬಾರೋ' ಎನ್ನುವುದು, ಮುದುಕ ತಿರುಗಿ 'ಹೂನ್ರಿ ಗೌಡ್ರ' ಎನ್ನುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ.

ಊರಿನ ಮಾತನ್ನೇ ಸಾವಿರಾರು ಗಂಟೆ ಕೇಳಿಸಿ ಯಂತ್ರಕ್ಕೆ ಕನ್ನಡ ಕಲಿಸಿದಿರಿ ಎನ್ನಿ. ಅದು ಆ 'ಬಾರೋ'ವನ್ನೂ ಕಲಿಯುತ್ತದೆ. ಹೊಲದ ಬದುವಿನ ಮೇಲಿನ ಅವಮಾನ ನಾಳೆ ಆಸ್ಪತ್ರೆಯ ಬಾಗಿಲಲ್ಲಿ ಯಂತ್ರದ ಬಾಯಿಂದ ಬರುತ್ತದೆ.

ಎಲ್ಲರಿಗೂ 'ನೀವು' ಅಂದರಾಯಿತಲ್ಲ ಎನ್ನುವವರಿದ್ದಾರೆ. ಗುರುತಿಲ್ಲದವರಿಗೆ ಅದೇ ಸರಿ. ಆದರೆ ತಾಯಿಯನ್ನೂ ದೇವರನ್ನೂ ಏಕವಚನದಲ್ಲಿ ಕರೆಯುವವರು ನಾವು. ಹೆದರಿದ ಮಗುವಿಗೆ ಬಹುವಚನ ಸಮಾಧಾನ ಕೊಡುವುದಿಲ್ಲ. ಸಲುಗೆಯ 'ನೀ' ಯಾವುದು, ಕೀಳುಗಾಣಿಸುವ 'ನೀ' ಯಾವುದು ಎಂದು ಬಿಡಿಸುವುದು ಅನುವಾದದ ಕೆಲಸವಲ್ಲ, ಅದೇ ಸಂಶೋಧನೆ. ಅದಕ್ಕೆ ಎಂಜಿನಿಯರುಗಳಷ್ಟೇ ಸಾಲದು, ಭಾಷೆ ಮತ್ತು ಸಾಹಿತ್ಯ ಓದಿದವರೂ ಬೇಕು.

ವೃತ್ತಿಯ ಏಣಿ ಮಾತ್ರ ಬೇರೆ ಕಡೆ ವಾಲಿದೆ. ಪಶ್ಚಿಮದ ಓದಿದ, ಸ್ಥಿತಿವಂತ ಜನರನ್ನು ಪರೀಕ್ಷಿಸಿ ಅದನ್ನೇ ಮನುಕುಲದ ಸ್ವಭಾವ ಎನ್ನುವ ರೂಢಿಯನ್ನು ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲೇ ಪ್ರಶ್ನಿಸಿದ್ದರು. ರೂಢಿ ಬಿಟ್ಟಿಲ್ಲ. ಕ್ಯಾಂಪಸ್ಸಿನಲ್ಲಿ ಇಂಗ್ಲಿಷ್ ಬಲ್ಲ ವಿದ್ಯಾರ್ಥಿಗಳ ಜೊತೆ ಪ್ರಯೋಗ ನಡೆಸಿದರೆ ಅದು 'ಮನುಷ್ಯ'ನ ಕುರಿತ ಅಧ್ಯಯನ. ತುಬಚಿಯ ಕೂಲಿಯವರ ಜೊತೆ ನಡೆಸಿದರೆ 'ಪ್ರಾದೇಶಿಕ' ಅಧ್ಯಯನ. ಕೆಲಸ ಬೇಕಾದ ಯುವ ಸಂಶೋಧಕರು ಯಾವುದನ್ನು ಆರಿಸಿಕೊಳ್ಳುತ್ತಾರೆಂದು ಬೇರೆ ಹೇಳಬೇಕೆ?

'ರೋಬೋಟ್' ಎಂಬ ಹೆಸರು ಝೆಕ್ ಲೇಖಕ ಕರೆಲ್ ಚಾಪೆಕ್‌ನ 1920ರ ನಾಟಕದಿಂದ ಬಂದದ್ದು. ಅದರ ಮೂಲ 'ರೊಬೊಟಾ', ಅಂದರೆ ಬಿಟ್ಟಿ ಚಾಕರಿ. ಬಿಟ್ಟಿ ದುಡಿದವರನ್ನು ನಮ್ಮಲ್ಲಿ ಯಾವ ವಚನದಲ್ಲಿ ಕರೆಯುತ್ತಿದ್ದರೆಂದು ಎಲ್ಲರಿಗೂ ಗೊತ್ತು. ಅವರ ಮೊಮ್ಮಕ್ಕಳನ್ನು ಯಂತ್ರವೂ ಹಾಗೆಯೇ ಕರೆದರೆ ತಪ್ಪು ಯಂತ್ರದ್ದಲ್ಲ.